ಮುದ್ರೆಯಿಲ್ಲದ ಸೇರು

ಹೆಸರು ಹಾಕದೆ ಅರ್ಜಿ ಬರೆಯುವುದರಲ್ಲಿ ಒಂದು ಸುಖವಿದೆ. ಧೈರ್ಯ ಮಾಡಿದ ತೃಪ್ತಿಯೂ ಸಿಗುತ್ತದೆ, ಹೆದರಿ ಮನೆಯಲ್ಲಿ ಕೂತ ನೆಮ್ಮದಿಯೂ ಉಳಿಯುತ್ತದೆ. ಯುದ್ಧದ ಕಾಲದಲ್ಲಿ, ಮುಳಬಾಗಿಲಿನಲ್ಲಿ ಮೇಷ್ಟ್ರಾಗಿದ್ದಾಗ, ನಾನೂ ಒಂದು ಬರೆದೆ.

ಆಗ ಕಾಳು ಅಳೆಯುವ ಸೇರು ಊರಿಗೊಂದು ಬಗೆ. ಮಾಲೂರಿನ ನಮ್ಮತ್ತೆ ನಮ್ಮ ಮನೆಗೆ ಬಂದು ತಮ್ಮೂರ ದೊಡ್ಡ ಸೇರಿನ ಲೆಕ್ಕದಲ್ಲಿ ಅಕ್ಕಿ ಅಳೆದು ಹಾಕಿಸಿದರೆ ನೆಂಟರಿಗೆ ಅನ್ನ ಸಾಲುತ್ತಿರಲಿಲ್ಲ. ಅದನ್ನು ಸಹಿಸಬಹುದು. ಆದರೆ ನಮ್ಮ ಬೀದಿಯ ಸಾಹುಕಾರರು ಸೇರಿನ ತಳವನ್ನೇ ಒಳಕ್ಕೆ ತಟ್ಟಿ ಉಬ್ಬಿಸಿದ್ದರು. ಅವರ ಹೆಸರು ಬರೆಯಲು ಕೈ ಬರಲಿಲ್ಲ. ದಿನಾ ಮುಖ ನೋಡಬೇಕಲ್ಲ! ‘ಊರಿನಲ್ಲಿ ಅಳತೆ ಮೋಸ ನಡೆಯುತ್ತಿದೆ’ ಎಂದಷ್ಟೇ ಬರೆದು ಅಂಚೆಗೆ ಹಾಕಿದೆ. ದುಂಡಗೆ ಬರೆಯುವ ಮೇಷ್ಟ್ರ ಚಟವನ್ನು ಮಾತ್ರ ಬಿಡಲಾಗಲಿಲ್ಲ.

ಅಳತೆ ಇನ್ಸ್‌ಪೆಕ್ಟರು ಸಂತೆಯ ದಿನವೇ ಬಂದರು. ಸಾಹುಕಾರರಿಗೆ ಹೇಗೋ ಸುಳಿವು ಸಿಕ್ಕಿ, ಸರ್ಕಾರಿ ಮುದ್ರೆಯ ಹೊಸ ಸೇರು ಅಂಗಡಿಯಲ್ಲಿ ಫಳಫಳಿಸುತ್ತಿತ್ತು. ಸಿಕ್ಕಿಬಿದ್ದವಳು ಹುರುಳಿ ಮಾರುವ ಮುನಿವೆಂಕಟಮ್ಮ.

“ನಮ್ಮತ್ತೆ ಕಾಲದ ಸೇರು ಸಾಮಿ. ಯಾರ್ಗೂ ಕಮ್ಮಿ ಅಳ್ದಿಲ್ಲ,” ಅಂದಳು.

ಇನ್ಸ್‌ಪೆಕ್ಟರು ಅವಳ ಸೇರಿನ ಹುರುಳಿಯನ್ನು ತಮ್ಮ ಸೇರಿಗೆ ಸುರಿದರು. ಅದು ತುಂಬಿ, ಮೇಲೊಂದು ಹಿಡಿ ನೆಲಕ್ಕೆ ಚೆಲ್ಲಿತು. ಜನ ಗೊಳ್ಳೆಂದು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. “ಹೆಚ್ಚೋ ಕಮ್ಮಿನೋ, ಮುದ್ರೆ ಇಲ್ಲ ಅಂದ್ರೆ ಕೇಸೇ ಕಣಮ್ಮ. ನೀನು ಮೋಸ ಮಾಡಿಲ್ಲ ಅಂತ ಕೊಳ್ಳೋರು ಯಾರಾದ್ರೂ ಬರ್ಕೊಟ್ರೆ, ಸೇರು ಮಾತ್ರ ತಗೊಂಡು ಬಿಟ್ಬಿಡ್ತೀನಿ.”

ಮುನಿವೆಂಕಟಮ್ಮ ಸುತ್ತಲೂ ನೋಡಿದಳು. ಅಲ್ಲಿದ್ದ ಅವಳ ಗಿರಾಕಿಗಳಲ್ಲಿ ಬರೆಯಬಲ್ಲವನು ನಾನೊಬ್ಬನೇ. “ಮೇಷ್ಟ್ರೇ, ನೀವಾದ್ರೂ ಬರ್ಕೊಡಿ ಸಾಮಿ.”

ಇನ್ಸ್‌ಪೆಕ್ಟರ ಕೈಯಲ್ಲಿ ನನ್ನ ಅರ್ಜಿಯೇ ಇತ್ತು. ಬರೆದರೆ ನನ್ನ ಅಕ್ಷರ ನನ್ನನ್ನೇ ಹಿಡಿದುಕೊಡುತ್ತದೆ. ಬರೆಯದಿದ್ದರೆ ಅವಳು ಕೋರ್ಟಿಗೆ. ಅಂಗಡಿ ಮೆಟ್ಟಿಲ ಮೇಲಿಂದ ಸಾಹುಕಾರರು ಬೇರೆ ನೋಡುತ್ತಿದ್ದರು. ಬರೆದೆ. ಅಕ್ಷರ ಸೊಟ್ಟ ಮಾಡಲು ನೋಡಿದೆ, ಈ ಕೈಗೆ ಅದೂ ಬರಲಿಲ್ಲ.

ಇನ್ಸ್‌ಪೆಕ್ಟರು ಎರಡು ಕಾಗದಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು, ನನ್ನನ್ನೂ ನೋಡಿದರು. “ಮುಂದಿನ ಸಲ ಮೋಸ ಮಾಡ್ದೋರ ಹೆಸರೂ ಬರೀರಿ ಮೇಷ್ಟ್ರೇ,” ಎಂದು ನನಗಷ್ಟೇ ಕೇಳುವಂತೆ ಹೇಳಿ, ಎರಡನ್ನೂ ಮಡಿಸಿ ಜೇಬಿಗಿಟ್ಟರು.

ಮರುವಾರದ ಸಂತೆಗೆ ಅವಳೂ ಮುದ್ರೆಯ ಸೇರು ತಂದಿದ್ದಳು. ಎಲ್ಲರಿಗೂ ಸೇರಿನ ಬಾಯಿಯ ಸಮಕ್ಕೆ ಕೈಯಿಂದ ಬಳಿದು ಅಳೆದಳು. ನನ್ನ ಚೀಲಕ್ಕೆ ಮಾತ್ರ ಮೇಲೊಂದು ಹಿಡಿ ಹಾಕಿ, “ನನ್ನ ಮಾನ ಉಳಿಸ್ದೋರು ನೀವು,” ಅಂದಳು. ಬೇಡವೆನ್ನಲು ಬಾಯಿ ತೆರೆದೆ. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು. ಚೀಲದ ಬಾಯಿಯನ್ನು ಇನ್ನಷ್ಟು ಅಗಲ ಮಾಡಿ ಹಿಡಿದೆ.