ಮಾವನ ಫೋನಿನಲ್ಲಿದ್ದ ಎರಡು ಪೋಸ್ಟುಗಳು

ಗೌರಿ ಹಬ್ಬಕ್ಕೆ ಇನ್ನು ಹತ್ತು ದಿನ ಅನ್ನುವಾಗ ನಮ್ಮವ್ವ ಕೂತಲ್ಲಿ ಕೂರುತ್ತಿರಲಿಲ್ಲ. ನಂಜನಗೂಡಿನ ನಮ್ಮ ಮನೆ ಮುಂದೆ ಬೈಕು ನಿಂತ ಸದ್ದಾದರೆ ಸಾಕು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುವುದು, ಕೊರಿಯರ್‌ನವನನ್ನು ಕಂಡು ಒಳಗೆ ಹೋಗುವುದು. ಅವಳು ಕಾಯುತ್ತಿದ್ದದ್ದು ತಮ್ಮನಿಗೆ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಿಂದ ಪ್ರತಿ ವರ್ಷ ಮೊರದ ಬಾಗಿನ ತರುತ್ತಿದ್ದ ನನ್ನ ಸೋದರಮಾವ ಬರುವುದು ನಿಲ್ಲಿಸಿ ಆರು ಹಬ್ಬ ಕಳೆದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಷ್ಟೇ ವಯಸ್ಸಾಗಲಿ, ಗೌರಿ ಬಾಗಿನ ತವರಿಂದ ಬರಬೇಕು. ಬರಲಿಲ್ಲ ಅಂದರೆ ತವರೇ ಇಲ್ಲ ಅಂತ.

ಅದನ್ನು ನಿಲ್ಲಿಸಿದವನು ನಾನು. ಸುತ್ತಿ ಬಳಸಿ ಹೇಳುವುದು ಬೇಡ.

ಆಗ ನಾನು ಒಂದು ಪಕ್ಷದ ಪರವಾಗಿ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಬರೆಯುತ್ತಿದ್ದೆ. ಕೆಲಸವಲ್ಲ, ಚಟ; ಹೊಟ್ಟೆಪಾಡಿಗೆ ಒಂದು ಸಣ್ಣ ಅಂಗಡಿಯಿತ್ತು. ಲೈಕು ಬಂದರೆ ಊಟ ಬೇಡ. ಆ ವರ್ಷ ಮಾವ ಎದುರು ಪಕ್ಷದಿಂದ ತಾಲ್ಲೂಕು ಪಂಚಾಯ್ತಿಗೆ ನಿಂತ. ಅವನದು ಒಂದೇ ಮಾತು: ನಾಲೆ ನೀರು ಹರಿಯುವ ಗದ್ದೆಯನ್ನು ಸೈಟು ಮಾಡಬಾರದು. ಅವನ ಪಕ್ಷವೂ ಆಗ ಅದನ್ನೇ ಹೇಳುತ್ತಿತ್ತು. ನಮ್ಮ ಪಕ್ಷ, ಲೇಔಟು ಬರಲಿ, ಊರು ಬೆಳೆಯಲಿ ಅನ್ನುತ್ತಿತ್ತು. ಮಾವ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ ಫೋಟೊವೊಂದನ್ನು ಅವ್ವನ ಮೊಬೈಲಿನಿಂದಲೇ ತೆಗೆದುಕೊಂಡು ಪೋಸ್ಟು ಹಾಕಿದೆ. ‘ಇವರು ಕೆಸರು ಬಿಟ್ಟು ಮೇಲೆ ಬರುವುದಿಲ್ಲ, ಊರನ್ನೂ ಬರಲು ಬಿಡುವುದಿಲ್ಲ.’ ಇಷ್ಟೇ. ಸಂಜೆಯೊಳಗೆ ಹೆಮ್ಮಿಗೆಯ ಫೋನುಗಳಲ್ಲೆಲ್ಲ ಅದು ಓಡಾಡಿತು. ಟೀ ಅಂಗಡಿಯಲ್ಲಿ ಅವನನ್ನು ಕೆಸರಪ್ಪ ಎಂದು ಕೂಗಿದರು. ಮಾವ ಸೋತ. ಹಬ್ಬಕ್ಕೆ ಬರಲಿಲ್ಲ.

ಆಮೇಲೆ ಆದದ್ದು ನೋಡಿ. ಮಾವನ ಪಕ್ಷ ಅಧಿಕಾರಕ್ಕೆ ಬಂತು. ಬಂದದ್ದೇ ತಡ, ಅದರ ಮುಖಂಡರೊಬ್ಬರು ಗದ್ದೆ ಬಯಲಿನಲ್ಲೇ ಲೇಔಟಿಗೆ ಗುದ್ದಲಿ ಪೂಜೆ ಮಾಡಿದರು. ಕುರ್ಚಿ ಕಳೆದುಕೊಂಡ ನಮ್ಮ ಪಕ್ಷಕ್ಕೆ ದಿಢೀರನೆ ರೈತನ ನೆನಪಾಯಿತು. ‘ಅನ್ನದ ಗದ್ದೆ ಉಳಿಸಿ’ ಎಂದು ಪಾದಯಾತ್ರೆ ಹೊರಟಿತು. ನಾನೂ ನಡೆದೆ. ನಡೆದು ಬಂದು, ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಲೇ ಬರೆದೆ: ‘ಕೆಸರಿನಲ್ಲಿ ನಿಂತ ಕಾಲುಗಳೇ ಈ ನಾಡನ್ನು ನಿಲ್ಲಿಸಿರುವುದು.’ ಹಳೆಯ ಪೋಸ್ಟು ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ನೆನಪಿತ್ತು. ಬೇರೆ ಯಾರಿಗೂ ಇರುವುದಿಲ್ಲ ಅಂದುಕೊಂಡೆ. ಇರಲೂ ಇಲ್ಲ. ಅದೇ ಜನ ಅದಕ್ಕೂ ಲೈಕು ಒತ್ತಿದರು.

ಮಾವ ತನ್ನ ಪಕ್ಷ ಬಿಟ್ಟ. ನಮ್ಮ ಪಕ್ಷಕ್ಕೂ ಬರಲಿಲ್ಲ.

ಈ ವರ್ಷ ಚುನಾವಣೆಗೆಂದು ಎರಡೂ ಪಕ್ಷಗಳು ಕೈ ಜೋಡಿಸಿದವು. ಕಚ್ಚಾಡಿದ ಮುಖಂಡರು ನರಸೀಪುರದ ವೇದಿಕೆಯ ಮೇಲೆ ತಬ್ಬಿಕೊಂಡರು. ನನಗೆ ಏನೋ ಕಸಿವಿಸಿ, ಜೊತೆಗೆ ಆಸೆ. ಪಕ್ಷಗಳೇ ರಾಜಿಯಾದ ಮೇಲೆ ಮಾವನದೇನು ಹಟ? ನಾನೇ ಹೋಗಿ ಕರೆಯುತ್ತೇನೆ ಎಂದು ಹೊರಟೆ. ವಿಷಯ ತಿಳಿದ ನಮ್ಮ ಬ್ಲಾಕ್ ಅಧ್ಯಕ್ಷರು ಎರಡೂ ಪಕ್ಷದ ಬಣ್ಣ ಸೇರಿಸಿ ಹೊಲಿಸಿದ ಹೊಸ ಶಾಲೊಂದನ್ನು ಕೊಟ್ಟು, “ನಿಮ್ ಮಾವನ್ ಎಗಲಿಗೆ ಆಕಿ ಒಂದು ಫೋಟೊ ಕಳ್ಸಿ” ಎಂದರು. ನಾನು ಪೆದ್ದ, ಇಸಿದುಕೊಂಡೆ.

ಮಾವ ಗದ್ದೆಯಲ್ಲಿದ್ದ. ನಾಲ್ಕೈದು ಹೆಂಗಸರು ನಾಟಿ ಹಾಕುತ್ತಿದ್ದರು. ಅತ್ತೆ ಬದುವಿನ ಮೇಲೆ ಬುತ್ತಿ ಇಟ್ಟುಕೊಂಡು ಕೂತಿದ್ದಳು.

“ಏನ್ಲಾ ಅಳಿಯಾ, ದಾರಿ ತಪ್ಪುಸ್ಕೊಂಡ್ಯಾ?” ಎಂದ ಮಾವ.

“ಅಬ್ಬಕ್ಕೆ ಕರಿಯಕ್ಕೆ ಬಂದೆ ಮಾವ. ಈಗ ಎರಡೂ ಒಂದೇ ಆಗೋಯ್ತಲ್ಲ, ಇನ್ನೇನು ಜಗಳ?”

“ಯಾವ ಎರಡ್ಲಾ?”

“ನಿಮ್ ಪಾರ್ಟಿ, ನಮ್ ಪಾರ್ಟಿ.”

“ನಂದ್ಯಾವ್ದುಲಾ ಪಾರ್ಟಿ? ನಾನು ಇಲ್ಲೇ ನಿಂತಿವ್ನಿ. ಅವ್ರು ಇತ್ಲಾಗಿಂದ ಅತ್ಲಾಗೆ ಓದ್ರು, ನೀವು ಅತ್ಲಾಗಿಂದ ಇತ್ಲಾಗೆ ಬಂದ್ರಿ. ಈಗ ಮಧ್ಯದಲ್ಲಿ ಸಿಕ್ಕಿ ತಬ್ಕೊಂಡವ್ರೆ. ನಂಗೇನ್ಲಾ?”

ಮಾತು ತಿರುಗಿಸಲು ಬ್ಯಾಗಿನಿಂದ ಶಾಲು ತೆಗೆದೆ. ಅತ್ತೆ ಆಸೆಯಿಂದ ಎದ್ದು ಬಂದಳು.

“ಅತ್ಗೆಮ್ಮ ಕಳ್ಸಿದ್ದಾ?”

ಅಲ್ಲ ಎಂದೆ. ಅವಳು ಶಾಲನ್ನು ಮುಟ್ಟದೆ ಹೋಗಿ ಕೂತಳು. ನನ್ನ ಅವ್ವ ಡಬ್ಬಿಗೆ ಹಾಕಿ ಕೊಟ್ಟಿದ್ದ ಅರಿಶಿನ ಕುಂಕುಮ ಅದೇ ಬ್ಯಾಗಿನ ತಳದಲ್ಲಿತ್ತು. ಮೊದಲು ತೆಗೆಯಬೇಕಾದದ್ದು ಅದು.

ಮಾವ ಕೈ ತೊಳೆದು, ಅಂಗಿ ಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟ. “ನಂಗೆ ಕನ್ನಡ್ಕ ಇಲ್ಲ. ಓದ್ಲಾ, ಜೋರಾಗಿ.”

ನನ್ನ ಎರಡೂ ಪೋಸ್ಟುಗಳ ಸ್ಕ್ರೀನ್‌ಶಾಟ್ ಅಲ್ಲಿದ್ದವು, ಪಕ್ಕಪಕ್ಕದಲ್ಲಿ. ಮೊದಲನೆಯದನ್ನು ಗೊಣಗಿದೆ. “ಕೇಳ್ಸನಿಲ್ಲ” ಎಂದ. ಜೋರಾಗಿ ಓದಿದೆ. ಎರಡನೆಯದನ್ನೂ ಓದಿದೆ. ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಅವರಲ್ಲಿ ಹಿರಿಯಳೊಬ್ಬಳು, “ಅಯ್ಯೋ ಒಂದೇ ಕೆಸರು ಕಣ್ರವ್ವ! ಆಗ ನಾರ್ತಿತ್ತಂತೆ, ಈಗ ಗಮ್ ಅಂತದಂತೆ” ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಮಾವ ನಗಲಿಲ್ಲ.

“ಎರಡ್ರಲ್ಲಿ ಒಂದು ಸುಳ್ಳು ಕಣ್ಲಾ. ಯಾವ್ದು ಯೋಳು. ಅಬ್ಬಕ್ಕೆ ಬತ್ತೀನಿ.”

“ಮೊದಲ್ನೇದು ಮಾವ.”

“ಇಲ್ಲಿ ಯೋಳುದ್ರೆ ಆಯ್ತಾ? ಎಲ್ಲಿ ಆಕಿದ್ಯೊ ಅಲ್ಲೇ ಯೋಳು. ಅವತ್ತು ಊರೋರೆಲ್ಲ ನೋಡ್ಲಿ ಅಂತ ತಾನೆ ಆಕಿದ್ದು?”

ಆಯ್ತು ಎಂದು ಬಂದುಬಿಟ್ಟೆ. ಬರೆಯಲು ಕೂತರೆ ಬೆರಳು ಓಡಲಿಲ್ಲ. ಮೈತ್ರಿಯ ಅಭ್ಯರ್ಥಿ ಅಂತ ಆ ವಾರವೇ ಘೋಷಣೆಯಾದವರು ಲೇಔಟಿಗೆ ಗುದ್ದಲಿ ಹಾಕಿದ ಆ ಮುಖಂಡರೇ. ಗದ್ದೆ ವಿಷಯ ಈಗ ನಮ್ಮ ಗ್ರೂಪುಗಳಲ್ಲಿ ಯಾರೂ ಎತ್ತುವಂತಿರಲಿಲ್ಲ. ಪಾದಯಾತ್ರೆಯ ಫೋಟೊಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಎರಡು ದಿನ ಟೈಪು ಮಾಡಿದೆ, ಅಳಿಸಿದೆ. ತಲೆನೋವು ಅಂತ ಅಂಗಡಿ ಬಾಗಿಲೂ ತೆರೆಯಲಿಲ್ಲ. ಅವ್ವ, ಮಾವನಿಗೆ ಇಷ್ಟ ಎಂದು ಒಬ್ಬಟ್ಟಿಗೆ ಬೆಲ್ಲ ಜಾಸ್ತಿ ತರಿಸಿದಳು.

ಅದನ್ನು ನೋಡಿಯೇ ಬರೆದೆ. ‘ನನ್ನ ಸೋದರಮಾವನ ಬಗ್ಗೆ ಹಿಂದೆ ಚುನಾವಣೆಯಲ್ಲಿ ನಾನು ಬರೆದದ್ದು ಸುಳ್ಳು. ಗದ್ದೆಯ ಬಗ್ಗೆ ಅವರು ಹೇಳಿದ್ದು ಅವತ್ತೂ ನಿಜ, ಇವತ್ತೂ ನಿಜ.’

ಅರ್ಧ ಗಂಟೆಗೆ ಅಧ್ಯಕ್ಷರ ಫೋನು ಬಂತು.

“ಏನ್ರೀ ಇದು? ನಮ್ ಕ್ಯಾಂಡಿಡೇಟ್ ಯಾರು ಅಂತ ಗೊತ್ತಿಲ್ವಾ? ಡಿಲೀಟ್ ಮಾಡ್ರಿ.”

“ಆಗಲ್ಲ ಸಾ.”

“ಯಾಕಾಗಲ್ಲ?”

“ನಮ್ಮವ್ವಂಗೆ ಬಾಗಿನ ಬರ್ಬೇಕು ಸಾ.”

ತಮಾಷೆ ಅಂದುಕೊಂಡರೋ ಏನೋ, ಮೊದಲು ನಕ್ಕರು. ಆಮೇಲೆ ಬೈದರು. ಸಂಜೆಯೊಳಗೆ ನನ್ನನ್ನು ಎಲ್ಲ ಗ್ರೂಪುಗಳಿಂದ ತೆಗೆದಿದ್ದರು. ಬೆಳಿಗ್ಗೆ ಎದ್ದು ಫೋನು ನೋಡಿದರೆ ಒಂದೂ ಮೆಸೇಜಿಲ್ಲ. ಕೈ ಸುಮ್ಮನಿರದೆ ಹತ್ತು ಸಲ ನೋಡಿದೆ.

ಹಬ್ಬದ ದಿನ ಮಾವ ಬಂದ. ಜೋಡಿ ಮೊರ, ಬಳೆ, ರವಿಕೆ ಕಣ, ಕಾಯಿ, ಬೆಲ್ಲ.

“ಏನಪ್ಪ, ಆರು ವರ್ಸದಿಂದ ಬಸ್ಸೇ ಸಿಗ್ನಿಲ್ವಾ?” ಎಂದಳು ಅವ್ವ.

“ನಿನ್ ಮಗನ್ನ ಕೇಳಕ್ಕ.”

ಅವ್ವ ಮೊರಕ್ಕೆ ಕೈ ಮುಗಿದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು. ತಮ್ಮನ ಎಲೆಗೆ ಒಬ್ಬಟ್ಟು ಹಾಕಿದ್ದೇ ಹಾಕಿದ್ದು.

ಊಟದ ನಡುವೆ ನನ್ನ ಫೋನು ಟಿಂಗ್ ಎಂದಿತು. ನಾಲ್ಕೈದು ದಿನದ ಮೇಲೆ ಬಂದ ಸದ್ದು, ಎಡಗೈಯಲ್ಲೇ ತೆಗೆದೆ.

“ಯಾರ್ಲಾ?” ಎಂದ ಮಾವ.

“ಮೂರನೇ ಪಾರ್ಟಿಯೋರು. ನನ್ ಪೋಸ್ಟು ಓದುದ್ರಂತೆ. ಗದ್ದೆ ಉಳ್ಸೋದೇ ಇನ್ಮೇಲೆ ಅವ್ರ ಸಿದ್ಧಾಂತವಂತೆ. ಬರ್ಕೊಡಿ ಅಂತವ್ರೆ.”

ಮಾವ ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿದ.

“ಎಷ್ಟು ದಿನಕ್ಕಂತೆ, ಕೇಳು.”

ಕೇಳಿದೆ. ಓದಿದ್ದಾರೆ ಅಂತ ನೀಲಿ ಟಿಕ್ಕು ತೋರಿಸುತ್ತಿದೆ. ಉತ್ತರ ಮಾತ್ರ ಇನ್ನೂ ಬಂದಿಲ್ಲ.