ಕಲ್ಲಿನೊಳಗಿನ ಮೀನು ಮತ್ತು ನಾನು ಕಳಿಸದ ಪತ್ರ

ಕಳೆದ ಭಾನುವಾರ ನಾನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕ್ಷಮೆ ಕೇಳಿದೆ.

ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಟೈಲರ್ ಅಂಗಡಿಯಲ್ಲಿ, ಅವಳ ಅಮ್ಮನ ಎದುರಿಗೆ. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರೂ ಕಿವಿಗೊಟ್ಟು ಕೇಳುತ್ತಿದ್ದರು. ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು ನಾನು. ಅದೆಷ್ಟು ‘ಸಾರಿ ಮೇಡಂ’ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅದೇ ಮಾತನ್ನು ನಾವು ಹೇಳಬೇಕಾಗಿ ಬಂದಾಗ ನಾಲಿಗೆ ಇಷ್ಟು ಭಾರವಾಗುತ್ತದೆ ಅಂತ ಗೊತ್ತಿರಲಿಲ್ಲ!

ಮೊದಲಿನಿಂದಲೇ ಹೇಳುತ್ತೇನೆ.

ಹುಡುಗಿಯ ಹೆಸರು ರಂಜಿತಾ. ಅಪ್ಪ ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ ಓಡಾಡುವ ಖಾಸಗಿ ಬಸ್ಸಿನ ಡ್ರೈವರ್. ಅಮ್ಮ ಗಿರಿಜಕ್ಕ, ಟೈಲರ್. ಬಿಎಸ್ಸಿ ಓದಲು ರಂಜಿತಾ ದಿನಾ ಅಪ್ಪನ ಬಸ್ಸಿನಲ್ಲೇ ಸಾಗರಕ್ಕೆ ಬರುತ್ತಿದ್ದಳು. ನಾನು ಅಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ತರಗತಿಯಲ್ಲಿ ಅವಳು ಹೆಚ್ಚು ಮಾತಾಡಿದ್ದು ನೆನಪಿಲ್ಲ. ಆದರೆ ಒಂದು ಪ್ರಶ್ನೆ ನೆನಪಿದೆ.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಪ್ಲಾಸ್ಟರಿನ ಮಾದರಿಗಳ ನಡುವೆ ಒಂದೇ ಒಂದು ನಿಜವಾದ ಪಳೆಯುಳಿಕೆ ಇತ್ತು. ಸುರುಳಿ ಸುತ್ತಿದ ಶಂಖದಂಥ ಕಲ್ಲು. ನನಗಿಂತ ಹಿಂದಿದ್ದ ಮೇಷ್ಟ್ರೊಬ್ಬರು ತಮಿಳುನಾಡಿನ ಕಡೆ ಟೂರ್ ಹೋದಾಗ ತಂದಿಟ್ಟಿದ್ದು. ರಂಜಿತಾ ಅದನ್ನು ಅಂಗೈಯಲ್ಲಿಟ್ಟುಕೊಂಡು, “ಇದು ಯಾರಾದ್ರೂ ಕೆತ್ತಿದ್ದಾ ಮೇಡಂ, ಇಲ್ಲಾ ಹಿಂಗೇ ಸಿಕ್ಕಿದ್ದಾ?” ಎಂದು ಕೇಳಿದಳು.

“ಹಾಗೇ ಸಿಕ್ಕಿದ್ದು. ಕೋಟ್ಯಂತರ ವರ್ಷದ ಹಿಂದೆ ಸಮುದ್ರದಲ್ಲಿ ಬದುಕಿದ್ದ ಪ್ರಾಣಿ,” ಎಂದೆ.

ಅವಳು ಕಲ್ಲನ್ನು ವಾಪಸ್ ಇಡಲಿಲ್ಲ. ಬೆಲ್ಲು ಹೊಡೆದರೂ ಇಡಲಿಲ್ಲ. ನಾನೇ ಕೈಯಿಂದ ಇಸಿದುಕೊಂಡು ಕಪಾಟಿಗೆ ಬೀಗ ಹಾಕಿದೆ.

ಡಿಗ್ರಿ ಮುಗಿದ ವರ್ಷ ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಪೇಲಿಯಂಟಾಲಜಿ, ಅಂದರೆ ಪಳೆಯುಳಿಕೆಗಳ ಶಾಸ್ತ್ರದಲ್ಲಿ, ಮಾಸ್ಟರ್ಸ್ ಮಾಡಬೇಕಂತೆ. ಸ್ಕಾಲರ್‌ಷಿಪ್‌ಗೂ ಅರ್ಜಿ ಹಾಕುತ್ತಾಳಂತೆ. ಪಾಠ ಮಾಡಿದವರ ಶಿಫಾರಸು ಪತ್ರ ಬೇಕಂತೆ.

ನಾನು ನಕ್ಕೆ (ಅಣಕಿಸುವ ನಗು ಅಲ್ಲ, ಆದರೆ ನಗು ನಗುವೇ). “ನಮ್ಮ ಮಲೆನಾಡಿನಲ್ಲಿ ಒಂದು ಮೂಳೆಯ ತುಂಡೂ ಸಿಕ್ಕಲ್ಲ ಕಣೇ. ಓದಿ ಬಂದು ಎಂತ ಮಾಡ್ತೀಯ? ಬಿ.ಎಡ್. ಮಾಡಬಾರದಾ?”

“ಬರೆದು ಕೊಡ್ತೀರಾ ಮೇಡಂ?” ಅವಳ ಉತ್ತರ ಅಷ್ಟೇ.

ಆಯಿತು ಎಂದೆ. ಎರಡು ದಿನದಲ್ಲಿ ನನ್ನ ಮೇಲ್‌ಗೆ ಲಿಂಕ್ ಬಂತು. ಅದನ್ನು ಒತ್ತಿದರೆ ಫಾರಂ ತೆರೆದುಕೊಳ್ಳುತ್ತದೆ, ಪತ್ರ ಹಾಕಿ ಕಳಿಸಬೇಕು. ಹದಿನೆಂಟು ದಿನ ಟೈಮಿತ್ತು. ನಾನು ಫಾರಂ ತೆರೆದೆ, ಓದಿದೆ, ಮುಚ್ಚಿದೆ.

ಕಳಿಸಲಿಲ್ಲ.

ಮರೆತಿದ್ದರೆ ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ. ಬೇಕೆಂದೇ ತಳ್ಳಿದೆ. ಒಬ್ಬಳೇ ಮಗಳು, ಇಂಗ್ಲಿಷೇ ತಡವರಿಸುತ್ತಾಳೆ, ಅಲ್ಲಿ ಹೋಗಿ ಸೋತು ಬಂದರೆ ಅಪ್ಪ ಅಮ್ಮನ ಗತಿ ಏನು ಅಂತೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. (ನಾನೂ ಒಂದು ಕಾಲದಲ್ಲಿ ಪಿಎಚ್‌ಡಿಗೆ ಹೋಗಬೇಕೆಂದು ಆಸೆಪಟ್ಟು ಹೋಗದೆ ಉಳಿದವಳು. ಅದೂ ಎಲ್ಲೋ ಒಳಗೆ ಕೆಲಸ ಮಾಡಿರಬೇಕು. ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.) ಅವಳು ಎರಡು ಸಲ ಫೋನ್ ಮಾಡಿದಳು. “ಮೇಲ್ ಬಂದೇ ಇಲ್ವಲ್ಲೇ, ಸ್ಪ್ಯಾಮ್‌ಗೆ ಹೋಗಿರಬೇಕು, ನೋಡ್ತೀನಿ,” ಎಂದೆ. ಕೊನೆಯ ದಿನಾಂಕ ದಾಟಿತು. ಅರ್ಜಿ ಬಿದ್ದುಹೋಯಿತು.

ಮುಂದಿನ ವರ್ಷ ಅದೇ ಹುಡುಗಿ, ಅದೇ ಬಾಗಿಲು. “ಇನ್ನೊಂದ್ ಸಲ ಹಾಕ್ತಿದೀನಿ ಮೇಡಂ. ಬರೆದು ಕೊಡ್ತೀರಾ?”

ಅವತ್ತೇ ಕೂತು ಎರಡು ಪುಟ ಬರೆದು ಕಳಿಸಿದೆ. ಸೀಟೂ ಸಿಕ್ಕಿತು, ಸ್ಕಾಲರ್‌ಷಿಪ್ಪೂ ಸಿಕ್ಕಿತು. ಹೊರಡುವ ಮುಂಚೆ ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಒಳ್ಳೆಯದಾಗಲಿ ಎಂದು ತಲೆ ಮುಟ್ಟಿದೆ. ಅವತ್ತೂ ಏನೂ ಹೇಳಲಿಲ್ಲ.

ಈಗ ಎರಡು ವರ್ಷದ ಓದು ಮುಗಿಸಿ, ಥೀಸಿಸ್ ಒಪ್ಪಿಸಿ, ಒಂದು ತಿಂಗಳಿಗೆಂದು ಊರಿಗೆ ಬಂದಿದ್ದಾಳೆ. “ಅಮ್ಮನ ಅಂಗಡಿಗೆ ಬನ್ನಿ ಮೇಡಂ, ಫೋಟೋ ತೋರ್ಸ್ತೀನಿ,” ಎಂದು ಫೋನ್ ಮಾಡಿದಳು. ಭಾನುವಾರ ಬೆಳಿಗ್ಗೆ ಸಾಗರದಿಂದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗಿರಿಜಕ್ಕ ಮೆಷಿನ್ ತುಳಿಯುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಕೂತು ಜರ್ಮನಿ ರಿಟರ್ನ್ಡ್ ಮಗಳು ಯಾರದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದಳು! ನನ್ನನ್ನು ನೋಡಿ ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ಅಲ್ಲಿನ ಮೊದಲ ದಿನದ ಕಥೆ ಹೇಳಿದಳು. ನಿಮ್ಮ ಜೀವನದಲ್ಲಿ ಮೊದಲು ಸಿಕ್ಕ ಪಳೆಯುಳಿಕೆ ಯಾವುದು, ಎಲ್ಲರೂ ಹೇಳಿ ಎಂದರಂತೆ ಪ್ರೊಫೆಸರ್. ಹದಿನಾಲ್ಕು ಜನ. ಒಬ್ಬನಿಗೆ ಆರನೇ ವಯಸ್ಸಿನಲ್ಲಿ ಸಮುದ್ರದ ದಂಡೆಯಲ್ಲಿ ಸಿಕ್ಕಿತ್ತು. ಒಬ್ಬಳು ಅಜ್ಜನ ಜೊತೆ ಹೋಗಿ ಕಲ್ಲಿನ ಕ್ವಾರಿಯಲ್ಲಿ ಹೆಕ್ಕಿದ್ದಳು. ಇವಳ ಸರದಿ ಬಂತು.

“ಎಂತ ಹೇಳಿದೆ?” ಎಂದೆ.

“ನಂಗೆ ಇದುವರೆಗೆ ಒಂದೂ ಸಿಕ್ಕಿಲ್ಲ ಅಂದೆ. ನಮ್ಮೂರಿನ ಕಲ್ಲು ತೀರಾ ಹಳೇದು, ಮೂಳೆ ಇರೋ ಪ್ರಾಣಿಗಳು ಹುಟ್ಟೋಕ್ಕಿಂತ ಮುಂಚಿನ್ದು ಅಂದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ ಮೇಡಂ. ಇವ್ರೆಲ್ಲಾ ಹುಟ್ಟಿದಾಗಿಂದ ಮಾಡ್ಕಂಡ್ ಬಂದಿದಾರೆ, ನಾನು ಎಲ್ಲಿಂದ ಶುರು ಮಾಡ್ಲಿ ಅಂತ.”

ಮೊದಲ ಆರು ತಿಂಗಳು ಎಲ್ಲದರಲ್ಲೂ ಹಿಂದೆ. ಸೆಮಿನಾರಿನಲ್ಲಿ ಮಾತು ಹೊರಡುತ್ತಿರಲಿಲ್ಲ. ಒಂದು ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಬರೆದಳು. ಮನೆಗೆ ಫೋನ್ ಮಾಡಿದಾಗ ಮಾತ್ರ ಎಲ್ಲಾ ಆರಾಮ್ ಎನ್ನುತ್ತಿದ್ದಳಂತೆ.

“ಆರಾಮ್ ಇದೀನಿ ಅನ್ನೋ ದನಿ ಕೇಳಿದ್ರೇ ಗೊತ್ತಾಗ್ತಿತ್ತು ಬಿಡಿ,” ಎಂದರು ಗಿರಿಜಕ್ಕ, ಮೆಷಿನ್ ನಿಲ್ಲಿಸದೆ.

ಬದಲಾದದ್ದು ಲ್ಯಾಬಿನಲ್ಲಿ. ಕಲ್ಲಿನೊಳಗೆ ಹುದುಗಿರುವ ಪಳೆಯುಳಿಕೆಯನ್ನು ಸುತ್ತಲಿನ ಕಲ್ಲು ಬಿಡಿಸಿ ಹೊರತೆಗೆಯುವುದು ಒಂದು ದೊಡ್ಡ ಕಸುಬು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ಸೂಜಿಯಿಂದ ಒಂದೊಂದೇ ಕಣ ಕೆರೆಯಬೇಕು. ಅಲ್ಲಿ ಅದನ್ನು ಕಲಿಸುವವರು ಹೆಲ್ಗಾ ಎಂಬ ಹಿರಿಯ ಟೆಕ್ನಿಷಿಯನ್. ರಂಜಿತಾಳ ಕೈ ಒಂದು ವಾರ ನೋಡಿದ ಹೆಲ್ಗಾ, ಈ ಕೆಲಸ ಮೊದಲು ಎಲ್ಲಿ ಕಲಿತೆ ಎಂದು ಕೇಳಿದರಂತೆ.

“ಅಮ್ಮನ ಅಂಗಡೀಲಿ ಅಂದೆ. ಬ್ಲೌಸ್ ಹಾಳಾದ್ರೆ ಬಟ್ಟೆ ಹರೀದಂಗೆ ಹೊಲಿಗೆ ಬಿಚ್ಚೋದು ಯಾವಾಗ್ಲೂ ನನ್ ಕೆಲ್ಸ ಅಲ್ದಾ?”

ಹೆಲ್ಗಾ ಅವಳಿಗೆ ಒಂದು ಸುಣ್ಣಕಲ್ಲಿನ ಚಪ್ಪಡಿ ಕೊಟ್ಟರು. ಒಳಗೊಂದು ಮೀನು, ಬೆರಳಿನಷ್ಟು ಉದ್ದದ್ದು. ಮೂಳೆ ತೀರಾ ನಾಜೂಕು ಎಂದು ಹಿಂದೆ ಇಬ್ಬರು ಅರ್ಧಕ್ಕೇ ಬಿಟ್ಟಿದ್ದರು. ರಂಜಿತಾ ಏಳು ತಿಂಗಳು ಅದರ ಮುಂದೆ ಕೂತಳು. ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಮೊದಲ ಫೋಟೋದಲ್ಲಿ ಬರೀ ಬೂದು ಕಲ್ಲು. ಕೊನೆಯದರಲ್ಲಿ ಪಕ್ಕೆಲುಬು, ರೆಕ್ಕೆಯ ಎಳೆಗಳು, ಬಾಯಿ ತೆರೆದ ತಲೆ. ಅಕ್ಕಿಯ ನುಚ್ಚಿಗಿಂತ ಸಣ್ಣ ಹಲ್ಲುಗಳ ಸಾಲು. ಬ್ಲೌಸಿನ ಅಳತೆಗೆ ಬಂದವರೂ ಬಗ್ಗಿ ನೋಡಿದರು. “ಅಯ್ಯೋ, ಈಗಷ್ಟೇ ಹಳ್ಳದಲ್ಲಿ ಹಿಡ್ಕಂಡ್ ಬಂದಂಗಿದೆ!” ಎಂದರು ಒಬ್ಬರು.

“ಇಲ್ಲಿ ನೋಡಿ,” ಎಂದು ರಂಜಿತಾ ಹಲ್ಲಿನ ಸಾಲನ್ನು ದೊಡ್ಡದು ಮಾಡಿದಳು. ನಡುವೆ ಒಂದು ಹಲ್ಲು ಇರಲಿಲ್ಲ. “ಇದು ನಾನು ಮುರಿದಿದ್ದು.”

ಆರನೇ ತಿಂಗಳಿನ ಒಂದು ಮಧ್ಯಾಹ್ನ ಸೂಜಿ ಜಾರಿತ್ತು. ಹಲ್ಲು ಹಾರಿತು. ನೆಲದ ಮೇಲೆ ಎರಡು ಗಂಟೆ ಹುಡುಕಿದರೂ ಸಿಗಲಿಲ್ಲ. ಅವಳ ಥೀಸಿಸ್ ನಿಂತಿದ್ದೇ ಆ ದವಡೆಯ ಮೇಲೆ. ಲ್ಯಾಬಿನಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ಮಾಡಿದ ಪ್ರತಿ ಕೆಲಸವನ್ನೂ ಬರೆದಿಡುವ ಒಂದು ಪುಸ್ತಕ ಅಲ್ಲಿದೆ. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬರೆದರೆ ಚಪ್ಪಡಿ ಕೈತಪ್ಪಬಹುದು, ಥೀಸಿಸ್ ಕೆಡಬಹುದು.

“ಬರೆದೆ,” ಎಂದಳು. “‘ಎಡದವಡೆಯ ಐದನೇ ಹಲ್ಲು ಮುರಿದು ಕಳೆದುಹೋಯ್ತು, ತಪ್ಪು ನನ್ದು’ ಅಂತ. ಹೆಲ್ಗಾ ಬರೋವರ್ಗೂ ಅಲ್ಲೇ ಕೂತಿದ್ದೆ.”

“ಬೈದ್ರಾ?”

“ಇಲ್ಲ. ಓದಿದ್ರು. ಒಳಗೆ ಹೋಗಿ ಅವ್ರದ್ದೊಂದು ಹಳೇ ಪುಸ್ತಕ ತಂದು ಒಂದು ಪುಟ ತೆಗೆದ್ರು. ಅವ್ರು ಕೆಲಸಕ್ಕೆ ಸೇರಿದ ವರ್ಷದ್ದು. ಕಲ್ಲಿನೊಳಗಿದ್ದ ಒಂದು ಹಲ್ಲಿಯ ಇಡೀ ಕಾಲೇ ಮುರಿದುಹಾಕಿದ್ರು. ಅದನ್ನ ಬರೆದಿದ್ರು. ‘ನಾಳೆ ಮುಂದುವರಿಸು’ ಅಂತ ಹೇಳಿ ಚಹಾ ಮಾಡಕ್ಕೆ ಹೋದ್ರು.”

ಥೀಸಿಸ್‌ನಲ್ಲೂ ಅವಳು ಆ ಹಲ್ಲಿನ ಬಗ್ಗೆ ಬರೆದಿದ್ದಾಳೆ. ಅಷ್ಟು ಸಣ್ಣದಕ್ಕೆ ಅಷ್ಟೆಲ್ಲ ಯಾಕೆ ಎಂದು ನಾನು ಕೇಳಿದೆ.

“ಬರೀದೆ ಇದ್ದಿದ್ರೆ, ಮುಂದೆ ಯಾರೋ ಈ ಮೀನು ನೋಡಿ ಇದಕ್ಕೆ ಅಲ್ಲಿ ಹಲ್ಲೇ ಇರ್ಲಿಲ್ಲ ಅಂತ ತಿಳ್ಕತಾರಲ್ಲ ಮೇಡಂ. ಪಾಪ, ಮೀನು ಬಂದು ಹೇಳತ್ತಾ, ನಂಗೆ ಹಲ್ಲಿತ್ತು ಅಂತ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಇಪ್ಪತ್ನಾಲ್ಕು ವರ್ಷದ ಹುಡುಗಿ, ಪರದೇಶದಲ್ಲಿ, ಒಬ್ಬಳೇ, ಯಾರೂ ನೋಡದ ಹೊತ್ತಿನಲ್ಲಿ, ಧೂಳಿನ ಕಣದಂಥ ಹಲ್ಲಿಗಾಗಿ ತನ್ನ ಓದನ್ನೇ ಪಣಕ್ಕಿಟ್ಟಿದ್ದಳು. ಮತ್ತು ನಾನು? ಮುರಿದದ್ದು ಅವಳ ಒಂದು ವರ್ಷ. ಎಲ್ಲಿಯೂ ಬರೆದಿಟ್ಟಿರಲಿಲ್ಲ.

“ರಂಜಿತಾ,” ಎಂದೆ. “ಆ ಮೊದಲ ವರ್ಷದ ಪತ್ರ. ಮೇಲ್ ಸ್ಪ್ಯಾಮ್‌ಗೆ ಹೋಗಿರಲಿಲ್ಲ ಕಣೇ. ನಾನೇ ಕಳಿಸಲಿಲ್ಲ. ಬೇಕಂತಲೇ. ನನ್ನದು ತಪ್ಪಾಯ್ತು.”

ಮೆಷಿನ್ ನಿಂತಿತು.

ರಂಜಿತಾ ಸೀರೆಯ ಅಂಚನ್ನೇ ನೋಡುತ್ತಾ ಹೇಳಿದಳು, “ಗೊತ್ತಿತ್ತು ಮೇಡಂ. ಅರ್ಜಿ ಹಾಕೋ ಪೋರ್ಟಲ್‌ನಲ್ಲಿ ‘ಲಿಂಕ್ ತೆರೆಯಲಾಗಿದೆ’ ಅಂತ ತೋರಿಸ್ತಿತ್ತು. ದಿನಾ ನೋಡ್ತಿದ್ದೆ.”

“ಮತ್ತೆ... ಮಾರನೇ ವರ್ಷವೂ ನನ್ನ ಹತ್ತಿರವೇ ಬಂದೆಯಲ್ಲ?”

“ನಂಗೆ ಪಳೆಯುಳಿಕೆ ಕೈಗೆ ಕೊಟ್ಟೋರು ನೀವೊಬ್ರೇ ಅಲ್ದಾ.”

ಅವಳು ಅಷ್ಟಕ್ಕೇ ಬಿಟ್ಟಳು. ಗಿರಿಜಕ್ಕ ಬಿಡಲಿಲ್ಲ. ಅವರಿಗೆ ಇದು ಆವತ್ತೇ ಗೊತ್ತಾದದ್ದು. ಮಗಳು ಅಮ್ಮನಿಗೂ ಹೇಳಿರಲಿಲ್ಲ.

“ಆ ವರ್ಷ ಇಡೀ ಇವ್ಳು ಇಲ್ಲೇ ಕೂತು ಹುಕ್ಕು, ಗುಂಡಿ ಹಾಕಿದ್ಳು ಮೇಡಂ. ಬಂದೋರೆಲ್ಲಾ ‘ಎಂತ, ಡಿಗ್ರಿ ಮಾಡಿ ಗುಂಡಿ ಹಾಕದಾ’ ಅಂತಿದ್ರು. ನಾನೂ ಬೈದಿದೀನಿ, ನಿನ್ ಅರ್ಜೀಲೇ ಏನೋ ತಪ್ಪಿರ್ಬೇಕು ಅಂತ.” ದನಿ ಎತ್ತರಿಸಲಿಲ್ಲ. “ನಿಮ್ಗೆ ಬರಿಯಕ್ಕೆ ಮನಸಿಲ್ದೇ ಇದ್ರೆ ಆಗಲ್ಲ ಅಂತ ಒಂದ್ ಮಾತು ಹೇಳಿದ್ರಾಗ್ತಿತ್ತು. ಬೇರೆಯೋರ ಹತ್ರ ಹೋಗ್ತಿದ್ಳು.”

ಆ ವರ್ಷ ಅವಳು ಹೊಲಿಯುತ್ತಲೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಜರ್ಮನ್ ಕಲಿತಳು, ಸಿಕ್ಕ ಪ್ರಬಂಧಗಳನ್ನೆಲ್ಲ ಓದಿದಳು, ಹಾಗಾಗಿ ಒಳ್ಳೆಯದೇ ಆಯಿತು ಎಂದು ಬರೆದು ನಾನು ಜಾರಿಕೊಳ್ಳಬಹುದು. ಜಾರಿಕೊಳ್ಳುವುದಿಲ್ಲ. ಅವಳು ಯಾರ ಕೈಕೆಳಗೆ ಓದಬೇಕೆಂದು ಆಸೆಪಟ್ಟಿದ್ದಳೋ ಆ ಪ್ರೊಫೆಸರ್ ಆ ವರ್ಷವೇ ನಿವೃತ್ತರಾದರು. ಅದನ್ನು ನಾನು ಯಾವ ಕ್ಷಮೆಯಿಂದಲೂ ವಾಪಸ್ ತರಲಾರೆ.

ಗಿರಿಜಕ್ಕ ಮತ್ತೆ ಮೆಷಿನ್ ತುಳಿಯತೊಡಗಿದರು. ನಾನು ಹೊರಟು ನಿಂತಾಗ “ಹೋಗ್ಬನ್ನಿ” ಎಂದರು, ತಲೆಯೆತ್ತದೆ. ರಂಜಿತಾ ಬಸ್ಸಿನವರೆಗೂ ಬಂದಳು. ಮುಂದಿನ ತಿಂಗಳು ಮತ್ತೆ ಹೊರಡುತ್ತಾಳೆ, ಅದೇ ಲ್ಯಾಬಿಗೆ, ಪಿಎಚ್‌ಡಿಗೆ. ಮೀನು ಅಲ್ಲಿನ ಮ್ಯೂಸಿಯಮ್ಮಿನ ಡ್ರಾಯರಿನಲ್ಲಿದೆಯಂತೆ, ಕೆಳಗಿನ ಚೀಟಿಯಲ್ಲಿ ಕಲ್ಲು ಬಿಡಿಸಿದವರ ಹೆಸರಿನ ಜಾಗದಲ್ಲಿ ಇವಳ ಹೆಸರಿದೆಯಂತೆ. ಅದನ್ನು ಹೇಳುವಾಗ ಮಾತ್ರ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆ ಕಂಡಿತು.

ಮನೆಗೆ ಬಂದವಳೇ ಮೇಲ್ ತೆರೆದೆ. ಶಿಫಾರಸು ಕೇಳಿದ ಎರಡು ಲಿಂಕುಗಳು ಕೂತಿದ್ದವು. ಒಂದಕ್ಕೆ ಅಲ್ಲೇ ಬರೆದು ಕಳಿಸಿದೆ. ಇನ್ನೊಬ್ಬ ವಿದ್ಯಾರ್ಥಿ ತೀರ್ಥಹಳ್ಳಿಯವನು, ಅವನ ಓದಿನ ಬಗ್ಗೆ ನನಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಫೋನ್ ಮಾಡಿ, “ನನ್ನಿಂದ ಆಗಲ್ಲಪ್ಪಾ, ಬಾಟನಿ ಸರ್ ನಿನ್ನನ್ನ ಚೆನ್ನಾಗಿ ಬಲ್ಲರು, ಇವತ್ತೇ ಅವರನ್ನ ಕೇಳು,” ಎಂದೆ. “ಹೇಳಿದ್ದು ಒಳ್ಳೇದಾಯ್ತು ಮೇಡಂ, ಇನ್ನೂ ಹತ್ತು ದಿನ ಇದೆ,” ಎಂದ.

ಇದನ್ನು ಓದುತ್ತಿರುವ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ‘ನೋಡ್ತೀನಿ’ಯನ್ನು ನಂಬಿಕೊಂಡು ಇವತ್ತು ಯಾರು ಕಾಯುತ್ತಿದ್ದಾರೆ?