ಕಾಣುವಷ್ಟು ಹತ್ತಿರ, ಕೇಳಿಸದಷ್ಟು ದೂರ

ಮಕ್ಕಳಿಗೆ ಆಟ ಕಲಿಸುವವರಿಗೆ ನಮ್ಮಲ್ಲಿ ಹೆಸರಿದೆ, ಗೆದ್ದು ಬಂದ ಮಕ್ಕಳ ಪಕ್ಕ ನಿಂತು ತೆಗೆಸಿಕೊಂಡ ಫೋಟೋಗಳಿವೆ, ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ಕಪ್ಪುಗಳಿವೆ. ಹಾಗೆ ಕಲಿಸುವವರು ಮಕ್ಕಳೊಂದಿಗೆ ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿಕೊಳ್ಳುವುದೂ ಒಂದು ವಿದ್ಯೆ ಎಂಬುದು ಮಾತ್ರ ಬಹಳ ಜನಕ್ಕೆ ಇನ್ನೂ ಹೊಳೆದಿಲ್ಲ. ಆ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ಆಗದೇ ಉಳಿದದ್ದರ ಫೋಟೋ ತೆಗೆಯಲು ಯಾರಿಗೂ ಬರುವುದಿಲ್ಲ. ಇಂಥ ಕ್ಷೇತ್ರದಲ್ಲಿ ಮೂರು ದಶಕ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ, ನಮ್ಮ ಮಕ್ಕಳ ಕ್ರೀಡಾ ಕೇಂದ್ರದ ಮೇಲ್ವಿಚಾರಕಿಯವರಿಗಾಗಿ ಈ ಸಂಪುಟ ಹೊರಬರುತ್ತಿದೆ. ಅವರ ಸಹನೆ, ಅವರ ಶಿಸ್ತು, ಅವರ ನಗುಮುಖದ ಬಗ್ಗೆ ಬರೆಯಬೇಕೆಂದು ಸಂಪಾದಕರು ಕೇಳಿದ್ದಾರೆ. ಅವರು ನಕ್ಕಿದ್ದನ್ನು ಕಂಡವರು ಕಡಿಮೆ. ನಗುವಂಥದ್ದನ್ನು ನಾವು ಅವರಿಗೆ ಹೆಚ್ಚು ಕೊಡಲೂ ಇಲ್ಲ.

ಅವರು ಕೇಂದ್ರಕ್ಕೆ ಬಂದದ್ದು ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ. ಚೆಂಡು, ನೆಟ್ಟು, ಶಿಳ್ಳೆಗಳನ್ನು ಎಣಿಸಿ ಕೊಡುವುದು, ಸಂಜೆ ಎಣಿಸಿ ಒಳಗಿಡುವುದು. ಚೆಂಡಿಗೊಂದು ಲೆಕ್ಕವಿದೆ, ಮಕ್ಕಳಿಗೆ ಇಲ್ಲವಲ್ಲ ಎಂಬ ಯೋಚನೆ ಅವರಿಗೆ ಬಂದದ್ದು ಅಲ್ಲೇ. ಯಾವ ಮಗು ಯಾರ ಜೊತೆ ಯಾವ ಕೋಣೆಯಲ್ಲಿದೆ ಎಂದು ಕೇಳಿದರೆ ಇಡೀ ಕೇಂದ್ರದಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಮೇಲ್ವಿಚಾರಣೆ ಅವರ ಕೈಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಬಾಗಿಲುಗಳದು. ಮಗುವೊಂದು ಒಳಗಿರುವಷ್ಟು ಹೊತ್ತು ಯಾವ ಬಾಗಿಲೂ ಮುಚ್ಚಕೂಡದು. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಇರಕೂಡದು. ತರಬೇತುದಾರರು ಮಗುವನ್ನು ತಮ್ಮ ಗಾಡಿಯಲ್ಲಿ ಒಂಟಿಯಾಗಿ ಮನೆಗೆ ಬಿಡಕೂಡದು, ಅದರ ಫೋನಿಗೆ ಗುಟ್ಟಾಗಿ ಸಂದೇಶ ಕಳಿಸಕೂಡದು, ಒಂದೇ ಮಗುವಿಗೆಂದು ಉಡುಗೊರೆ ತರಕೂಡದು.

ಸಿಬ್ಬಂದಿ ಅವರಿಗೆ 'ಬಾಗಿಲಮ್ಮ' ಎಂದು ಹೆಸರಿಟ್ಟರು. ಮಕ್ಕಳೂ ಅದನ್ನೇ ಹಿಡಿದುಕೊಂಡರು. "ಮೆತ್ತಗೆ, ಮೆತ್ತಗೆ, ಬಾಗಿಲಮ್ಮ ಬಂದ್ರು! ಇನ್ಮೇಲೆ ಉಸಿರನ್ನೂ ಇಬ್ಬಿಬ್ರು ಸೇರ್ಕೊಂಡೇ ಬಿಡ್ಬೇಕು" ಎಂದು ಈಜು ಕಲಿಸುವವರು ಒಮ್ಮೆ ಅವರಿಗೆ ಕೇಳಿಸುವಂತೆಯೇ ಅಂದಿದ್ದರು. ಅವರು ನಿಂತು, "ಬಿಡಿ, ಆದ್ರೆ ಬಾಗಿಲು ತೆಗೆದಿಟ್ಟು ಬಿಡಿ" ಎಂದು ಮುಂದೆ ಹೋದರು.

ಎಲ್ಲರೂ ನಗೆಯಲ್ಲಿ ಮುಗಿಸಲಿಲ್ಲ. ಕೇಂದ್ರದಲ್ಲಿ ಆಟದ ಜೊತೆಗೆ ನಾಟಕವೂ ಇತ್ತು; ಅದನ್ನು ಕಲಿಸುತ್ತಿದ್ದ ಮೇಷ್ಟ್ರು ವಯಸ್ಸಾದವರು, ನಿಜಕ್ಕೂ ಒಳ್ಳೆಯವರು. ನಿಯಮ ಕೇಳಿ ಅವರು ನೇರವಾಗಿ ಮೇಲ್ವಿಚಾರಕಿಯವರ ಎದುರಿಗೆ ಬಂದು ನಿಂತರು. "ಮೇಡಂ, ನನ್ನ ಮೊಮ್ಮಕ್ಕಳ ವಯಸ್ಸಿನವು ಇವು. ನನ್ನನ್ನೂ ಅನುಮಾನಿಸ್ತೀರಾ?"

"ನಿಮ್ಮನ್ನಲ್ಲ ಸಾರ್, ನಿಮ್ಮ ಕುರ್ಚಿನ. ನಾಳೆ ಅದರಲ್ಲಿ ಯಾರು ಬಂದು ಕೂರ್ತಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಮೇಷ್ಟ್ರು ಮರುದಿನದಿಂದ ಬಾಗಿಲು ಮುಚ್ಚದಂತೆ ತಾವೇ ಇಟ್ಟಿಗೆ ಅಡ್ಡ ಇಡತೊಡಗಿದರು. ಆದರೆ ಮೇಲ್ವಿಚಾರಕಿಯವರನ್ನು ಮತ್ತೆಂದೂ ಮಾತಾಡಿಸಲಿಲ್ಲ.

ಅವರ ಉಪಕಾರಗಳೂ ಸದ್ದಿಲ್ಲದವು. ಕರೆದುಕೊಂಡು ಹೋಗುವವರು ತಡವಾಗಿ ಬಂದಾಗ ಗೇಟಿನ ಹತ್ತಿರ ಕಾವಲುಗಾರನನ್ನೂ ನಿಲ್ಲಿಸಿಕೊಂಡು ಮಗುವಿನ ಜೊತೆ ಕಾಯುತ್ತಿದ್ದರು. ಬಂದ ತಂದೆತಾಯಿಯನ್ನು ಒಂದು ಮಾತು ಗದರುತ್ತಿರಲಿಲ್ಲ. ಅವರ ಮೇಜಿನ ಖಾನೆಯಲ್ಲಿ ಗುಂಡಿ, ಸೂಜಿ, ಜಡೆಗೆ ಹಾಕುವ ರಬ್ಬರು ಯಾವಾಗಲೂ ಇರುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು, ಬಿದ್ದು ಮೊಣಕಾಲು ಒಡೆದುಕೊಂಡ ಮಗುವನ್ನು ಮುಟ್ಟಲೋ ಬೇಡವೋ ಎಂದು ನಿಯಮಕ್ಕೆ ಹೆದರಿ ನಿಂತುಬಿಟ್ಟಾಗ, "ಎತ್ಕೊಳ್ಳಮ್ಮ! ನಾಲ್ಕು ಜನರ ಮುಂದೆ ಎತ್ಕೊಳ್ಳೋಕೆ ಯಾವ ನಿಯಮವೂ ಅಡ್ಡ ಬರಲ್ಲ" ಎಂದು ತಾವೇ ಓಡಿ ಬಂದು ಮಗುವಿನ ಇನ್ನೊಂದು ಕೈ ಹಿಡಿದಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಉಳಿದವುಗಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು. ಆದರೆ ಮೇಲ್ವಿಚಾರಕಿಯವರೇ ಇದನ್ನು ಬರೆಯುತ್ತಿರುವವಳಿಗೆ ಹೇಳಿದ್ದಾರೆ: "ಆ ಟೇಬಲ್ ಟೆನಿಸ್ ಹುಡುಗಿ ವಿಷಯ ಬಿಟ್ಟು ಬರೆಯೋದಾದ್ರೆ, ದಯವಿಟ್ಟು ಬರೀಲೇಬೇಡಿ." ಆ ಹುಡುಗಿಯ ತಾಯಿಯೇ ಇದನ್ನು ಬರೆಯುತ್ತಿರುವುದು. ಆದ್ದರಿಂದ ಬಿಡುವಂತಿಲ್ಲ.

ಹುಡುಗಿಗೆ ಆಗ ಹದಿಮೂರು. ಟೇಬಲ್ ಟೆನಿಸ್ ಕಲಿಸುತ್ತಿದ್ದಾತ ಕೇಂದ್ರದ ಕಣ್ಮಣಿ. ಕಪಾಟಿನ ಅರ್ಧ ಕಪ್ಪುಗಳು ಆತನ ಶಿಷ್ಯರವು. ಒಂದು ಮಧ್ಯಾಹ್ನ ಅವಳು ಬ್ಯಾಟಿನ ಚೀಲವನ್ನು ಎದೆಗೆ ಒತ್ತಿಕೊಂಡು ಮೇಲ್ವಿಚಾರಕಿಯವರ ಕೋಣೆಯ ಹೊಸ್ತಿಲಲ್ಲಿ ನಿಂತಳು.

"ಮೇಡಂ, ನಿಮ್ಮತ್ರ ಒಂದು ಮಾತು ಹೇಳ್ಬೇಕು."

"ಬಾ ಮಗಳೇ, ಕೂತ್ಕೋ. ಒಂದು ನಿಮಿಷ ಇರು."

ಎಲ್ಲರಿಗೂ ಹೇರಿದ ನಿಯಮ ತಮಗೂ ಅನ್ವಯಿಸಬೇಕು. ಒಂದು ಮಗುವಿನ ಜೊತೆ ಒಬ್ಬರೇ ಕೂರುವಂತಿಲ್ಲ. ಅವರು ಎದ್ದು ಪಕ್ಕದ ಕೋಣೆಯಿಂದ ಲೆಕ್ಕದ ಕೆಲಸದವರನ್ನು ಕರೆತಂದರು. ಆಕೆ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಿಡಿದುಕೊಂಡೇ ಬಂದು, ಅಕ್ಕರೆಯಿಂದಲೇ ಕೇಳಿದರು: "ಏನಮ್ಮಾ, ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?"

ಹುಡುಗಿ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ಅವಳ ಕೈ ಚೀಲದೊಳಗೆ ಏನೋ ಮಾಡುತ್ತಿತ್ತು. ಆಮೇಲೆ, "ಏನಿಲ್ಲ... ನನ್ನ ಬ್ಯಾಟಿನ ರಬ್ಬರ್ ಕಿತ್ತೋಗಿದೆ" ಅಂದಳು.

ಮೇಲ್ವಿಚಾರಕಿಯವರು ಬ್ಯಾಟು ಇಸಿದುಕೊಂಡು, ಮರುದಿನವೇ ಹೊಸ ರಬ್ಬರು ಅಂಟಿಸಿ, ಒಣಗಿದೆಯೇ ಎಂದು ತಾವೇ ಒತ್ತಿ ನೋಡಿ, ಅವಳ ಕೈಗಿತ್ತರು. ಆ ಬ್ಯಾಟು ಮತ್ತೆ ಕೆಲವೇ ವಾರ ಕೇಂದ್ರಕ್ಕೆ ಬಂತು. ಆಮೇಲೆ ಹುಡುಗಿ ಬರುವುದನ್ನೇ ಬಿಟ್ಟಳು. ಮನೆಯವರು ಆಟ ಬೇಸರ ಬಂದಿರಬೇಕು ಎಂದುಕೊಂಡರು. ಕೇಂದ್ರದವರೂ ಹಾಗೆಯೇ ಅಂದುಕೊಂಡರು.

ಎರಡು ವರ್ಷ ಕಳೆದ ಮೇಲೆ, ತರಬೇತುದಾರನಿಗೆ ಸನ್ಮಾನವೆಂದು ಕೇಂದ್ರದಿಂದ ಮನೆಗೊಂದು ಆಮಂತ್ರಣ ಬಂತು, ಮೇಲೆ ಆತನ ಫೋಟೋ. ಒಣಗಿದ ಬಟ್ಟೆ ಮಡಚುತ್ತಿದ್ದ ತಾಯಿಯ ಪಕ್ಕ ಕೂತು ಹುಡುಗಿ ಅದನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತದೆ ಹೇಳತೊಡಗಿದಳು. ಎಲ್ಲರೂ ಹೋದ ಮೇಲೆ ನಡೆಯುತ್ತಿದ್ದ 'ವಿಶೇಷ ಅಭ್ಯಾಸ', ಬಾಗಿಲಮ್ಮ ಮನೆಗೆ ಹೋದರೆಂದು ಖಚಿತವಾದ ಮೇಲೆ ಹಾಕಿಕೊಳ್ಳುತ್ತಿದ್ದ ಚಿಲಕ, ಫೋನಿಗೆ ಬರುತ್ತಿದ್ದ ಸಂದೇಶಗಳು, ಯಾರಿಗಾದರೂ ಹೇಳಿದರೆ ತಂಡದಿಂದ ತೆಗೆಯುವ ಬೆದರಿಕೆ. ಬಟ್ಟೆ ಅರ್ಧ ಮಡಚಿದ್ದು ಹಾಗೆಯೇ ಉಳಿಯಿತು.

ತಾಯಿ ನೇರವಾಗಿ ಮೇಲ್ವಿಚಾರಕಿಯವರ ಬಳಿ ಹೋದಳು. ಅವರು ಪೂರ್ತಿ ಕೇಳಿದರು, ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೊನೆಯಲ್ಲಿ, "ರಬ್ಬರ್ ಕಿತ್ತಿರ್ಲಿಲ್ಲಮ್ಮ" ಅಂದರು. "ಒಂದು ಮೂಲೆ ಮಾತ್ರ ಎದ್ದಿತ್ತು, ಉಗುರಲ್ಲಿ ಆಗತಾನೇ ಎಬ್ಬಿಸಿದ ಹಾಗೆ. ಕಣ್ಣಿಗೆ ಬಿತ್ತು. ಅಂಟಿಸಿ ಕೊಟ್ಬಿಟ್ಟೆ. ಕೇಳ್ಲಿಲ್ಲ."

ಆ ಮಾತು ಹೇಳುವಾಗ ಅವರು ಅಳಲಿಲ್ಲ. ಎದ್ದು ಆಡಳಿತ ಸಮಿತಿಯ ಅಧ್ಯಕ್ಷರ ಕೋಣೆಗೆ ಹೋದರು. ತಾಯಿ ಹೊರಗೆ ನಿಂತಿದ್ದಳು. ಬಾಗಿಲು, ಅವರ ನಿಯಮದಂತೆ, ತೆರೆದೇ ಇತ್ತು.

"ಎರಡು ವರ್ಷ ಆದ್ಮೇಲಾ? ಈಗ ಕೆದಕಿದ್ರೆ ಕೇಂದ್ರದ ಮಾನ ಏನಾಗ್ಬೇಕು ಮೇಡಂ? ಆತನೇ ರಾಜೀನಾಮೆ ಕೊಟ್ಟು ಹೋಗ್ಲಿ ಬಿಡಿ. ಎಲ್ಲರಿಗೂ ಒಳ್ಳೇದು."

"ಎಲ್ಲಿಗೆ ಹೋಗ್ತಾನೆ ಸಾರ್?"

"ಅದು ನಮಗ್ಯಾಕೆ?"

"ಅಲ್ಲೂ ಮಕ್ಕಳಿರ್ತಾರಲ್ಲ, ಅದಕ್ಕೆ."

ಅಂದು ಸಂಜೆ ಅವರು ತಾಯಿ ಮಗಳ ಜೊತೆ ಪೊಲೀಸ್ ಠಾಣೆಗೆ ಹೋದರು. ದೂರು ದಾಖಲಾದ ಮೇಲೆ ಇನ್ನೂ ಮೂರು ಮನೆಗಳಿಂದ ಮಕ್ಕಳು ಬಂದು ಹೇಳಿದರು. ಆತ ಮತ್ತೆ ಯಾವ ಮಕ್ಕಳ ಕೇಂದ್ರಕ್ಕೂ ಕಾಲಿಡಲಿಲ್ಲ. ಮೇಲ್ವಿಚಾರಕಿಯವರಿಗೆ ಸಿಕ್ಕಿದ್ದೇನೆಂದರೆ, ಅವರ ಮೇಜನ್ನು ಎತ್ತಿ ಮತ್ತೆ ಉಗ್ರಾಣದಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ ಇಟ್ಟರು. ಹುದ್ದೆಯ ಹೆಸರು ಹಾಗೆಯೇ ಉಳಿಯಿತು, ಅಧಿಕಾರ ಉಳಿಯಲಿಲ್ಲ. ಸಿಬ್ಬಂದಿಯ ಊಟದ ಮೇಜಿನಲ್ಲಿ ಅವರು ಕೂತರೆ ಉಳಿದವರ ಊಟ ಬೇಗ ಮುಗಿಯುತ್ತಿತ್ತು. ನಾವು ತಂದೆತಾಯಿಯರೂ ಕಡಿಮೆ ಏನಲ್ಲ. "ಮೆಡಲ್ ತರ್ತಿದ್ದ ಮನುಷ್ಯನ್ನ ಓಡಿಸಿದ್ರು, ಈಗ ಇವರೇ ಆಡಿ ಗೆಲ್ಲಿಸ್ತಾರಂತಾ?" ಎಂದು ಗೇಟಿನ ಬಳಿ ನಿಂತು ಆಡಿದವರ ಹೆಸರುಗಳು ಇದೇ ಸಂಪುಟದ ಶುಭಾಶಯಗಳ ಪುಟದಲ್ಲಿವೆ.

ಇವೆಲ್ಲಕ್ಕಿಂತ ಅವರನ್ನು ಕೊರೆದದ್ದು ಬೇರೆ. ಮಕ್ಕಳನ್ನು ಕಾಯಲೆಂದು ಮಾಡಿದ ನಿಯಮವೇ ಒಂದು ಮಗುವಿನ ಬಾಯಿ ಮುಚ್ಚಿಸಿತ್ತು. ನಿಯಮವನ್ನು ಬಿಡುವ ಹಾಗಿಲ್ಲ. ಬಿಟ್ಟರೆ ನಾಳೆ ಯಾರೋ ಒಬ್ಬರು 'ಮಗು ಗುಟ್ಟು ಹೇಳಬೇಕಂತೆ' ಎಂದು ಚಿಲಕ ಹಾಕಿಕೊಳ್ಳುತ್ತಾರೆ. ಹಿಡಿದುಕೊಂಡರೆ ಮಗು ರಬ್ಬರಿನ ಮಾತಾಡಿ ಎದ್ದು ಹೋಗುತ್ತದೆ. ಉಗ್ರಾಣದಲ್ಲಿ ಕೂತು ಅವರು ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದರು. ಒಂದು ದಿನ ಮೂಲೆಯಲ್ಲಿದ್ದ ಹಳೆಯ ಮರದ ಬೆಂಚನ್ನು ಕಾವಲುಗಾರನ ಕೈಯಲ್ಲಿ ಹೊರಗೆಳೆಸಿ, ಮೈದಾನದ ನಟ್ಟನಡುವೆ ಹಾಕಿಸಿದರು. ಅಲ್ಲಿ ಕೂತವರು ಕೇಂದ್ರದ ಎಲ್ಲ ಕಿಟಕಿಗಳಿಗೂ ಕಾಣುತ್ತಾರೆ. ಅಲ್ಲಿ ಆಡಿದ ಮಾತು ಯಾವ ಕಿಟಕಿಗೂ ಕೇಳಿಸುವುದಿಲ್ಲ.

ಪ್ರತಿ ಸಂಜೆ ಒಂದು ತುದಿಯಲ್ಲಿ ತಾವು ಕೂರುತ್ತಿದ್ದರು, ಇನ್ನೊಂದು ತುದಿ ಖಾಲಿ. "ಮಹಾರಾಣಿ ದರ್ಬಾರಿಗೆ ಬಂದ್ರು ನೋಡ್ರಪ್ಪ" ಎಂದು ಕಿಟಕಿಗಳು ನಕ್ಕವು. ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಬಂದು ತನ್ನ ಟೋಪಿ ಕಳೆದದ್ದು ಹೇಳಿದ. ಇನ್ನೊಬ್ಬಳು ಗೆಳತಿ ಟೂ ಬಿಟ್ಟದ್ದು ಹೇಳಿದಳು. ಅವರು ಟೋಪಿಯ ಕಥೆಯನ್ನು ಕೊನೆಯವರೆಗೂ ಕೇಳುತ್ತಿದ್ದರು, ಮುಗಿದ ಮೇಲೂ ಏಳುತ್ತಿರಲಿಲ್ಲ. "ಇಷ್ಟು ಹೊತ್ತು ಟೋಪಿ ಬಗ್ಗೆ ಏನು ಮೇಡಂ?" ಎಂದು ಕಾವಲುಗಾರ ಕೇಳಿದ್ದಕ್ಕೆ, "ಟೋಪಿ ಆದ್ಮೇಲೆ ಇನ್ನೇನಾದ್ರೂ ಇರುತ್ತಾ ಅಂತ ಕಾಯ್ತೀನಪ್ಪ" ಅಂದರಂತೆ. ಕೆಲವೊಮ್ಮೆ ಇರುತ್ತಿತ್ತು. ಹಾಗೆ ಸಿಕ್ಕಿದ ಮಾತುಗಳಿಂದ ಎಷ್ಟು ಮಕ್ಕಳು ಯಾವುದರಿಂದ ಪಾರಾದರು ಎಂಬುದು ಆ ಮಕ್ಕಳಿಗೆ ಸೇರಿದ್ದು. ಕೆಲವು ವರ್ಷಗಳ ಮೇಲೆ ಸಮಿತಿ ಬದಲಾಯಿತು, ಮೇಜು ಕಚೇರಿಗೆ ವಾಪಸು ಬಂತು. ಅವರು ಮಾತ್ರ ಬೆಂಚು ಬಿಡಲಿಲ್ಲ.

ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ, ದುಡಿಯುತ್ತಾಳೆ. ಬ್ಯಾಟು ಮತ್ತೆ ಹಿಡಿಯಲಿಲ್ಲ. ಎಲ್ಲಾದರೂ ಆ ಚೆಂಡಿನ ಟಕಟಕ ಕೇಳಿದರೆ ದಾರಿ ಬದಲಿಸುತ್ತಾಳೆ. ಈ ಲೇಖನ ಬರೆಯಲೇ ಎಂದು ಕೇಳಿದಾಗ ಹೇಳಿದಳು: "ಬರಿ ಅಮ್ಮ. ಆದ್ರೆ ಅವರು ದೇವತೆ ಅಂತ ಬರೀಬೇಡ. ಅವತ್ತು ಅವರು ಒಂದ್ಸಲ ಕೇಳ್ಬಹುದಿತ್ತು. ಆಮೇಲೆ ಎಲ್ಲರನ್ನೂ ಕೇಳಿದ್ರು. ಎರಡನ್ನೂ ಬರಿ." ಬರೆದಾಯಿತು.

ಈಗ ಸಮಾರಂಭದ ಮಾತು. ಅವರ ಸೇವೆಯ ನೆನಪಿಗೆಂದು ಸಮಿತಿ ಆ ಬೆಂಚನ್ನು ಒಳಗೆ ತರಿಸಿದೆ. ಉಜ್ಜಿ ಪಾಲಿಶು ಹಾಕಿಸಿ, ಅವರ ಹೆಸರು ಕೆತ್ತಿದ ಹಿತ್ತಾಳೆಯ ಫಲಕ ಜಡಿಸಿ, ಮುಂಭಾಗದ ಹಜಾರದಲ್ಲಿ ಕಪ್ಪುಗಳ ಕಪಾಟಿನ ಪಕ್ಕ ಇರಿಸಿದೆ. ಕಳೆದ ವಾರ ಅವರನ್ನು ಕರೆದು ತೋರಿಸಿದರು.

"ಕೂತ್ಕೊಳ್ಳಿ ಮೇಡಂ, ಒಂದು ಫೋಟೋ."

ಅವರು ಸುತ್ತ ನೋಡಿದರು. ಮೂರು ಹೆಜ್ಜೆಯಾಚೆ ಗುಮಾಸ್ತರ ಮೇಜು. "ಇಲ್ಲಿ ಕೂತ್ರೆ ಅವರಿಗೆಲ್ಲ ಕೇಳ್ಸುತ್ತಲ್ಲ?"

"ಅಯ್ಯೋ, ಇನ್ನು ಇದರ ಮೇಲೆ ಯಾರೂ ಕೂರಲ್ಲ ಮೇಡಂ, ನೆನಪಿಗೆ ಅಷ್ಟೆ."

ಅವರು ಕೂರಲಿಲ್ಲ. ಅವರಿಲ್ಲದ ಆ ಫೋಟೋ ಈ ಸಂಪುಟದ ಮೊದಲ ಪುಟದಲ್ಲಿದೆ. ಅಂದು ಸಂಜೆ ಅವರೂ ಕಾವಲುಗಾರನೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಮೈದಾನದ ನಡುವಿಗೆ ಹೋದದ್ದನ್ನು ಎಲ್ಲ ಕಿಟಕಿಗಳೂ ನೋಡಿದವು. ಬೆಂಚಿದ್ದ ಜಾಗದಲ್ಲಿ ಹುಲ್ಲು ಬೆಳೆದಿರಲಿಲ್ಲ. ಕುರ್ಚಿಗಳು ಅಲ್ಲೇ ಸರಿಯಾಗಿ ಕೂತವು.

ನಿವೃತ್ತರಾದ ಮೇಲೆ ಅವರನ್ನು ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ, ಅವರ ನಂತರ ಬರುವವರು ಸಂಜೆ ಅಲ್ಲಿ ಹೋಗಿ ಕೂರುತ್ತಾರೋ ಇಲ್ಲವೋ, ಯಾರೂ ಹೇಳಿಲ್ಲ. ಆದ್ದರಿಂದ ಸಮಿತಿಯವರಲ್ಲಿ ಒಂದು ಕೋರಿಕೆ: ಫಲಕ ನೀವೇ ಇಟ್ಟುಕೊಳ್ಳಿ, ಬೆಂಚನ್ನು ಅದರ ಜಾಗಕ್ಕೆ ಕಳಿಸಿ. ಮೇಲ್ವಿಚಾರಕಿಯವರಿಗೂ ಒಂದು ಹಾರೈಕೆ, ಮಗಳದೂ ತಾಯಿಯದೂ ಸೇರಿ. ನಿಮಗೆ ದೀರ್ಘವಾದ ಆಯುಸ್ಸಿರಲಿ, ಮೊಣಕಾಲಿಗೆ ಬಲವಿರಲಿ. ಎದುರಿನ ಕುರ್ಚಿಯಲ್ಲಿ ಬಂದು ಕೂತ ಮಗು ನೆಲ ನೋಡುತ್ತ 'ಏನಿಲ್ಲ' ಅಂದಾಗಲೂ, ಏಳದೆ ಕಾಯುವಷ್ಟು ಸಂಜೆಗಳು ನಿಮ್ಮ ಪಾಲಿಗೆ ಇರಲಿ.